ಮಗುವಿಗೆ ಜಾತಿ ಗೊತ್ತಿಲ್ಲವೆ?

(ದುಂಡಸಿಯಲ್ಲಿ ಶಿಕ್ಷಕರು, ಪಾಲಕರು ಹಾಗೂ ತರುಣರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳ ಓದಿನ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ನನ್ನನ್ನು ಕರೆಸಿದ್ದೀರಿ. ನಾನು ಎತ್ತಿಕೊಂಡಿರುವುದು ಒಂದು ಕಾದಂಬರಿಯನ್ನು. ಅದೂ ಅಮೇರಿಕದ ಕಾದಂಬರಿ. ಜೋಳ, ಗೋವಿನಜೋಳ, ಹತ್ತಿ ಬೆಳೆಯುವ ನಮ್ಮ ಶಿಗ್ಗಾವಿ ಸೀಮೆಗೂ ಆ ದೇಶಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಮಾತು ಮುಗಿಯುವುದರೊಳಗೆ ಅದಕ್ಕೆ ಉತ್ತರ ಕೊಡುತ್ತೇನೆ.

ಅದಕ್ಕೆ ಮೊದಲು ಒಂದು ಆಕ್ಷೇಪಣೆಯನ್ನು ನಿಮ್ಮ ಮುಂದಿಡುತ್ತೇನೆ. ಜಾತಿಯ ಅನ್ಯಾಯವನ್ನು ಹೇಳುವ ಕಥೆಗಳನ್ನು ಮಕ್ಕಳಿಗೆ ಓದಿಸೋಣ ಎಂದಾಗಲೆಲ್ಲ ಈ ಮಾತು ಕೇಳಿಬರುತ್ತದೆ: ಮಕ್ಕಳು ದೇವರಂಥವರು, ಅವರಿಗೆ ಜಾತಿ ಎಂದರೇನೆಂದು ಗೊತ್ತಿಲ್ಲ, ಗೊತ್ತಿಲ್ಲದವರ ತಲೆಗೆ ನೀವೇ ಏಕೆ ಆ ವಿಷ ತುಂಬುತ್ತೀರಿ? ಹೀಗೆ ಹೇಳುವವರು ಕೆಟ್ಟವರಲ್ಲ. ಅವರ ಮಾತಿನಲ್ಲಿ ಮಕ್ಕಳ ಮೇಲಿನ ಪ್ರೀತಿ ಇದೆ. ಆದರೆ ಸತ್ಯ ಎಷ್ಟಿದೆ? ಇವತ್ತು ಪರೀಕ್ಷಿಸಬೇಕಾದದ್ದು ಇಷ್ಟನ್ನೇ.

ಕಾದಂಬರಿಯ ಹೆಸರು 'ಟು ಕಿಲ್ ಎ ಮಾಕಿಂಗ್‌ಬರ್ಡ್'. ಬರೆದವರು ಹಾರ್ಪರ್ ಲೀ ಎಂಬ ಹೆಣ್ಣುಮಗಳು. ೧೯೬೦ರಲ್ಲಿ ಅಚ್ಚಾಯಿತು, ಮರುವರ್ಷವೇ ಪುಲಿಟ್ಜರ್ ಬಹುಮಾನ ಬಂತು. ಮಾಕಿಂಗ್‌ಬರ್ಡ್ ಎಂಬುದು ಒಂದು ಹಾಡುಹಕ್ಕಿ. ಯಾರ ಬೆಳೆಯನ್ನೂ ಕೆಡಿಸದೆ ಹಾಡಿಕೊಂಡಿರುವ ಆ ಹಕ್ಕಿಯನ್ನು ಕೊಲ್ಲುವುದು ಪಾಪ ಎಂದು ಕಥೆಯಲ್ಲಿ ಹಿರಿಯರು ಮಕ್ಕಳಿಗೆ ಹೇಳುತ್ತಾರೆ. ಹೆಸರು ಬಂದದ್ದು ಅದರಿಂದ.

ಕಥೆ ನಡೆಯುವುದು ಅಲಬಾಮಾ ಎಂಬ ದಕ್ಷಿಣದ ರಾಜ್ಯದಲ್ಲಿ, ಮೇಕೋಂಬ್ ಎಂಬ ಕಲ್ಪಿತ ಊರಲ್ಲಿ, ೧೯೩೦ರ ದಶಕದಲ್ಲಿ. ಹೇಳುವವಳು ಸ್ಕೌಟ್ ಎಂಬ ಹುಡುಗಿ. ಕಥೆ ತೊಡಗುವಾಗ ಅವಳಿಗೆ ಆರು ವರ್ಷವೂ ತುಂಬಿಲ್ಲ. ಅಣ್ಣ ಜೆಮ್ ನಾಲ್ಕು ವರ್ಷಕ್ಕೆ ದೊಡ್ಡವನು. ತಾಯಿ ಇಲ್ಲ. ತಂದೆ ಆ್ಯಟಿಕಸ್ ವಕೀಲ. ಟಾಮ್ ರಾಬಿನ್ಸನ್ ಎಂಬ ಕಪ್ಪು ಕೂಲಿಗಾರನ ಮೇಲೆ ಬಿಳಿಯ ಹೆಣ್ಣೊಬ್ಬಳನ್ನು ಕೆಡಿಸಿದನೆಂಬ ಆರೋಪ ಬರುತ್ತದೆ. ಅದು ಸುಳ್ಳು. ಅವನ ಪರವಾಗಿ ಆ್ಯಟಿಕಸ್ ವಾದಿಸುತ್ತಾನೆ. ಸುಳ್ಳೆಂಬುದು ಎಲ್ಲರ ಕಣ್ಣಿಗೂ ಕಾಣುತ್ತದೆ. ಆದರೂ ಬಿಳಿಯರೇ ತುಂಬಿದ ಪಂಚರು ಟಾಮ್ ಅಪರಾಧಿ ಎಂದು ತೀರ್ಮಾನಿಸುತ್ತಾರೆ. ಮುಂದೆ ಸೆರೆಮನೆಯಿಂದ ಓಡಲು ಯತ್ನಿಸಿದಾಗ ಕಾವಲುಗಾರರು ಅವನನ್ನು ಗುಂಡಿಟ್ಟು ಕೊಲ್ಲುತ್ತಾರೆ.

ಇದು ಕೇವಲ ಕಟ್ಟುಕಥೆ ಎಂದು ತಿಳಿಯಬೇಡಿ. ೧೯೩೧ರಲ್ಲಿ ಅದೇ ಅಲಬಾಮಾದ ಸ್ಕಾಟ್ಸ್‌ಬರೋ ಎಂಬಲ್ಲಿ ಒಂಬತ್ತು ಮಂದಿ ಕಪ್ಪು ಹುಡುಗರನ್ನು ಇಂಥದೇ ಸುಳ್ಳು ಆರೋಪದ ಮೇಲೆ ವಿಚಾರಣೆಗೆ ಗುರಿಪಡಿಸಿದರು. ಎಂಟು ಮಂದಿಗೆ ಕೆಲವೇ ದಿನಗಳಲ್ಲಿ ಮರಣದಂಡನೆ ವಿಧಿಸಿದರು. ತೀರ ಚಿಕ್ಕವನು ಮೀಸೆ ಮೂಡದ ಬಾಲಕ. ದೇಶವಿದೇಶಗಳ ದುಡಿಯುವ ಜನ ಅವರಿಗಾಗಿ ದನಿ ಎತ್ತಿದರು. ಮೇಲಿನ ನ್ಯಾಯಾಲಯಕ್ಕೆ ಹೋಗಿ ಹೋಗಿ, ೧೯೩೫ರಲ್ಲಿ, ಕಪ್ಪು ಜನರನ್ನು ಪಂಚರ ಪಟ್ಟಿಯಿಂದ ಹೊರಗಿಡುವುದು ಸಂವಿಧಾನಕ್ಕೆ ವಿರುದ್ಧ ಎಂಬ ತೀರ್ಪು ಬಂತು. ಆ ಹುಡುಗರ ಜೀವ ಉಳಿಯಿತು, ಆದರೆ ಅವರ ಪ್ರಾಯದ ವರ್ಷಗಳು ಸೆರೆಮನೆಯಲ್ಲೇ ಕಳೆದುಹೋದವು.

ಈಗ ಕಾದಂಬರಿಯ ಮಗುವಿನ ಕಡೆ ಬರೋಣ. ಸ್ಕೌಟ್‌ಳ ಮುಗ್ಧತೆ ಒಂದು ಸಲ ದೊಡ್ಡ ಕೆಲಸ ಮಾಡುತ್ತದೆ. ವಿಚಾರಣೆಗೆ ಮೊದಲು ಒಂದು ರಾತ್ರಿ ಊರಿನ ಗಂಡಸರು ಗುಂಪುಗೂಡಿ, ಟಾಮ್‌ನನ್ನು ಹೊರಗೆಳೆದು ಕೊಲ್ಲಲು ಸೆರೆಮನೆಗೆ ಬರುತ್ತಾರೆ. ಬಾಗಿಲಲ್ಲಿ ಆ್ಯಟಿಕಸ್ ಒಬ್ಬನೇ ಕುಳಿತಿದ್ದಾನೆ. ಎಲ್ಲಿಂದಲೋ ಮಕ್ಕಳು ಓಡಿಬರುತ್ತಾರೆ. ಗುಂಪಿನಲ್ಲಿ ತನ್ನ ತರಗತಿಯ ಹುಡುಗನ ತಂದೆ ಕನಿಂಗ್‌ಹ್ಯಾಮ್ ನಿಂತಿದ್ದನ್ನು ಕಂಡು ಸ್ಕೌಟ್ ಅವನನ್ನು ಹೆಸರು ಹಿಡಿದು ಮಾತಾಡಿಸುತ್ತಾಳೆ, ಅವನ ಮಗನ ಯೋಗಕ್ಷೇಮ ವಿಚಾರಿಸುತ್ತಾಳೆ. ಆ ಗಂಡಸಿಗೆ ನಾಚಿಕೆಯಾಗುತ್ತದೆ. ಗುಂಪಿನಲ್ಲಿ ಕರಗಿಹೋಗಿದ್ದವನು ಮತ್ತೆ ಒಬ್ಬ ತಂದೆಯಾಗಿ ನಿಲ್ಲುತ್ತಾನೆ. ಗುಂಪು ಹಿಂದಿರುಗುತ್ತದೆ.

ಓದುವವರ ಕಣ್ಣಲ್ಲಿ ಇಲ್ಲಿ ನೀರು ಬರುತ್ತದೆ. ಬರಲಿ. ಆದರೆ ಆಮೇಲಿನದನ್ನೂ ನೋಡಬೇಕು. ಮಗುವಿನ ಮುಗ್ಧತೆ ಒಂದು ಗುಂಪನ್ನು ಒಂದು ರಾತ್ರಿ ತಡೆಯಿತು. ನ್ಯಾಯಸ್ಥಾನದಲ್ಲಿ ಕುಳಿತ ಪಂಚರನ್ನು ಬದಲಿಸಲಿಲ್ಲ. ರಾತ್ರಿ ಹಗ್ಗ ಹಿಡಿದು ಬಂದವರು ಆಗಲಾರದ್ದನ್ನು ಹಗಲು ಕಾಯಿದೆ ಹಿಡಿದು ಬಂದವರು ಮಾಡಿ ಮುಗಿಸಿದರು. ಕಪ್ಪು ಜನರ ಗ್ಯಾಲರಿಯಲ್ಲಿ ಕುಳಿತು ತೀರ್ಪು ಕೇಳಿದ ಜೆಮ್ ಅಳುತ್ತಾನೆ. ಅವನ ಬಾಲ್ಯ ಮುಗಿದದ್ದು ಅಲ್ಲಿ. ಒಳ್ಳೆಯ ತಂದೆ ಇದ್ದರೂ, ಸತ್ಯ ಎದುರಿಗೇ ಇದ್ದರೂ, ವ್ಯವಸ್ಥೆಯೇ ಕೆಟ್ಟಿದ್ದರೆ ನ್ಯಾಯ ಸಿಗದು ಎಂಬುದು ಅವನಿಗೆ ತಿಳಿಯಿತು.

ಇಷ್ಟರ ಮಟ್ಟಿಗೆ ಕಾದಂಬರಿ ದೊಡ್ಡದು. ಆದರೆ ನನ್ನದೊಂದು ಪ್ರಶ್ನೆ ಇದೆ. ಟಾಮ್ ರಾಬಿನ್ಸನ್‌ನಿಗೂ ಮೂವರು ಮಕ್ಕಳಿದ್ದರು. ಅವರಿಗೆ ಏನು ತಿಳಿಯಿತು? ಯಾವಾಗ ತಿಳಿಯಿತು? ತಂದೆ ಸತ್ತ ಸುದ್ದಿಯನ್ನು ವಕೀಲ ತಂದು ಮುಟ್ಟಿಸಿದಾಗ ಅಂಗಳದಲ್ಲಿ ಆಡುತ್ತಿದ್ದ ಮಕ್ಕಳು ನಮಗೆ ಒಂದು ಗಳಿಗೆ ಕಾಣುತ್ತಾರೆ. ಆಮೇಲೆ ಇಲ್ಲ. ವಕೀಲನ ಮಗ ಅನ್ಯಾಯವನ್ನು ಹನ್ನೆರಡು ಹದಿಮೂರರ ವಯಸ್ಸಿನಲ್ಲಿ, ನ್ಯಾಯಸ್ಥಾನದ ಮಾಳಿಗೆಯಿಂದ ನೋಡಿ ಕಲಿತ. ಕೂಲಿಕಾರನ ಮಕ್ಕಳಿಗೆ ಅದನ್ನು ಯಾರೂ ತೋರಿಸಬೇಕಾಗಿರಲಿಲ್ಲ. ಎಲ್ಲಿ ನಡೆಯಬೇಕು, ಯಾರ ಎದುರಿಗೆ ತಲೆ ತಗ್ಗಿಸಬೇಕು ಎಂಬುದು ಅಂಥ ಮಕ್ಕಳಿಗೆ ಅಕ್ಷರಕ್ಕೆ ಮೊದಲೇ ಬಂದಿರುತ್ತದೆ.

ಆಕ್ಷೇಪಣೆಗೆ ಉತ್ತರದ ಮೊದಲ ಭಾಗ ಇಲ್ಲೇ ಸಿಕ್ಕಿತು. ಮಕ್ಕಳಿಗೆ ಗೊತ್ತಿಲ್ಲ ಎನ್ನುವಾಗ ನಾವು ಯಾವ ಮಕ್ಕಳ ಮಾತು ಆಡುತ್ತಿದ್ದೇವೆ? ಹೊಲ, ಮನೆ, ಧನಗಳಂತೆ ಮುಗ್ಧತೆಯೂ ಈ ಸಮಾಜದಲ್ಲಿ ಸಮನಾಗಿ ಹಂಚಿಕೆಯಾಗಿಲ್ಲ. ಊರೊಳಗಿನ ಮನೆಯ ಮಗುವಿಗೆ ಅದು ಹತ್ತು ಹನ್ನೆರಡು ವರ್ಷ ಸಿಗುತ್ತದೆ. ಕೇರಿಯ ಮಗುವಿಗೆ ನಾಲ್ಕೈದು ವರ್ಷವೂ ಸಿಗುವುದಿಲ್ಲ.

ಅಮೇರಿಕ ಬಿಟ್ಟು ನಮ್ಮಲ್ಲಿಗೆ ಬರೋಣ. ಹಾವೇರಿ ಜಿಲ್ಲೆ ಆದದ್ದು ೧೯೯೭ರಲ್ಲಿ. ಅದಕ್ಕೆ ಮೊದಲು ನಾವೆಲ್ಲ ಧಾರವಾಡ ಜಿಲ್ಲೆಯವರು. ಆ ಧಾರವಾಡದಲ್ಲಿ ೧೮೫೬ನೇ ಜೂನ್ ತಿಂಗಳಲ್ಲಿ ಮಹಾರ್ ಜಾತಿಯ ಒಬ್ಬ ಹುಡುಗನನ್ನು ಸರಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಅರ್ಜಿ ಬಂತು. ಸೇರಿಸಿಕೊಳ್ಳಲಿಲ್ಲ. ಅರ್ಜಿ ಮುಂಬಯಿ ಸರಕಾರದ ತನಕ ಹೋಯಿತು. ಸರಕಾರ ಕೊಟ್ಟ ಉತ್ತರದ ಸಾರ ಇದು: ಹುಡುಗನ ಪರವಾಗಿ ನ್ಯಾಯವಿದೆ, ಆದರೆ ಈ ತನಕ ಬಂದವನು ಇವನೊಬ್ಬನೇ, ಒಬ್ಬನಿಗಾಗಿ ಅವನನ್ನು ಕೀಳಾಗಿ ಕಾಣುವ ಉಳಿದ ಮಕ್ಕಳ ನಡುವೆ ಕೂರಿಸಿದರೆ ಶಾಲೆಯೇ ಬರಿದಾದೀತು. ಕಲಕತ್ತೆಯ ಮೇಲಿನ ಸರಕಾರಕ್ಕೆ ಈ ವಾದ ಒಪ್ಪಿಗೆಯಾಗಲಿಲ್ಲ. ೧೮೫೮ರಲ್ಲಿ ಲಂಡನ್ನಿನಲ್ಲಿದ್ದ ಕಂಪನಿಯ ನಿರ್ದೇಶಕರು, ಸರಕಾರಿ ಶಾಲೆ ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂಬ ತತ್ತ್ವವನ್ನು ಎತ್ತಿಹಿಡಿದರು. ಕಾಗದದಲ್ಲಿ ಬಾಗಿಲು ತೆರೆಯಿತು. ನಿಜವಾಗಿ ತೆರೆಯಲು ಎಷ್ಟು ತಲೆಮಾರು ಬೇಕಾಯಿತೆಂಬುದು ನಿಮಗೆ ಗೊತ್ತು.

ಮುಂಬಯಿ ಸರಕಾರದ ಆ ವಾದವನ್ನು ಇನ್ನೊಮ್ಮೆ ನೋಡಿ. ಉಳಿದ ಮಕ್ಕಳು ಅವನನ್ನು ಕೀಳಾಗಿ ಕಾಣುತ್ತಾರಂತೆ. ಹಾಗಾದರೆ ಉಳಿದ ಮಕ್ಕಳಿಗೆ ಜಾತಿ ಗೊತ್ತಿತ್ತು ಎಂದಾಯಿತು! ಹೊರಗಿಡಬೇಕಾದಾಗ ಮಕ್ಕಳಿಗೆ ಜಾತಿ ಗೊತ್ತಿರುತ್ತದೆ, ಪಾಠ ಹೇಳಬೇಕಾದಾಗ ಗೊತ್ತಿರುವುದಿಲ್ಲ. ಇದು ದೊಡ್ಡವರ ಅನುಕೂಲದ ತರ್ಕ.

ಈ ತರ್ಕ ಇಲ್ಲಿ ಮಾತ್ರ ನಡೆದದ್ದಲ್ಲ. ಹಾರ್ಪರ್ ಲೀ ಅವರ ಪುಸ್ತಕ ಹೊರಬಂದ ೧೯೬೦ರಲ್ಲಿಯೇ, ನವೆಂಬರ್ ೧೪ರಂದು, ನ್ಯೂ ಆರ್ಲಿಯನ್ಸ್ ನಗರದಲ್ಲಿ ರೂಬಿ ಬ್ರಿಜಸ್ ಎಂಬ ಆರು ವರ್ಷದ ಕಪ್ಪು ಹುಡುಗಿ ಬಿಳಿಯರ ಶಾಲೆಗೆ ಹೋದಳು. ಎರಡೂ ಕಡೆ ಕೇಂದ್ರ ಸರಕಾರದ ಕಾವಲುಗಾರರು. ಬೀದಿಯಲ್ಲಿ ಬಯ್ಯುವ ಜನ. ಬಿಳಿಯ ತಂದೆತಾಯಿಗಳು ತಮ್ಮ ಮಕ್ಕಳನ್ನು ಹೊರಗೆ ಕರೆದೊಯ್ದರು. ಆ ವರ್ಷವಿಡೀ ಒಬ್ಬ ಶಿಕ್ಷಕಿ ಅವಳೊಬ್ಬಳಿಗೇ ಪಾಠ ಹೇಳಿದರು. ಧಾರವಾಡದಲ್ಲಿ ಸರಕಾರ ಹೆದರಿ ಹಿಂದೆಗೆಯಿತು. ನ್ಯೂ ಆರ್ಲಿಯನ್ಸಿನಲ್ಲಿ ಹಿಂದೆಗೆಯಲಿಲ್ಲ. ವ್ಯತ್ಯಾಸ ಇಷ್ಟೇ. ಮಗುವಿನ ಭಾರ ಎರಡೂ ಕಡೆ ಒಂದೇ.

ಈ ಭಾರವನ್ನು ಹೊತ್ತವರೊಬ್ಬರು ತಮ್ಮ ಬಾಲ್ಯವನ್ನು ತಾವೇ ಬರೆದಿಟ್ಟಿದ್ದಾರೆ. ೧೯೦೧ರಲ್ಲಿ ಬಾಲಕ ಭೀಮರಾವ ಅಂಬೇಡಕರರು ಮನೆಯ ಮಕ್ಕಳೊಡನೆ ಸಾತಾರೆಯಿಂದ ಹೊರಟು, ತಂದೆಯ ನೌಕರಿಯ ಊರಿಗೆ ಪ್ರಯಾಣ ಮಾಡಿದರು. ಹೊಸ ಬಟ್ಟೆ, ರೇಲ್ವೆ ಪ್ರಯಾಣ, ಮಕ್ಕಳ ಸಂಭ್ರಮ. ಸ್ಟೇಶನ್ನಿನಲ್ಲಿ ಇಳಿದು ಜಾತಿ ಹೇಳಿದ ಕೂಡಲೆ ಯಾವ ಗಾಡಿಯೂ ಸಿಗಲಿಲ್ಲ. ಎರಡರಷ್ಟು ಬಾಡಿಗೆ ಕೊಟ್ಟು, ಗಾಡಿಯವನನ್ನು ನಡೆಯಬಿಟ್ಟು, ಮಕ್ಕಳೇ ಗಾಡಿ ಹೊಡೆದುಕೊಂಡು ಹೋದರು. ಬುತ್ತಿ ಇತ್ತು, ಕುಡಿಯುವ ನೀರು ಮಾತ್ರ ದಾರಿಯುದ್ದಕ್ಕೂ ಸಿಗಲಿಲ್ಲ. ಅದಕ್ಕೂ ಮೊದಲೇ ಶಾಲೆಯಲ್ಲಿ ತಾನು ಬೇರೆ ಗೋಣಿತಟ್ಟಿನ ಮೇಲೆ ಕೂರಬೇಕು, ನಲ್ಲಿಯನ್ನು ತಾನು ಮುಟ್ಟಬಾರದು ಎಂಬುದು ಅವರಿಗೆ ಗೊತ್ತಿತ್ತು. ಅಷ್ಟು ಚಿಕ್ಕ ಮಗುವಿಗೆ!

ಕನ್ನಡದ ಬರಹಗಾರರು ಈ ವಿಷಯದಲ್ಲಿ ಹಿಂದೆ ಬಿದ್ದವರಲ್ಲ. ಮೂರು ಪುಸ್ತಕಗಳ ಮಾತು ಹೇಳುತ್ತೇನೆ.

ಒಂದು, ಶಿವರಾಮ ಕಾರಂತರ 'ಚೋಮನ ದುಡಿ', ೧೯೩೩ರದು. ಹೊಲೆಯ ಚೋಮನಿಗೆ ಒಂದೇ ಆಸೆ: ತುಂಡು ನೆಲ ಹಿಡಿದು ತಾನೇ ಬೇಸಾಯ ಮಾಡಬೇಕು. ಎತ್ತು ಇವೆ, ತೋಳಿನಲ್ಲಿ ಕಸುವಿದೆ. ನೆಲ ಮಾತ್ರ ಅವನ ಜಾತಿಗೆ ಸಲ್ಲದು. ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಸಾಯುತ್ತಾನೆ, ಒಬ್ಬ ಮತ ಬಿಡುತ್ತಾನೆ, ಮಗಳು ತೋಟದಲ್ಲಿ ಮಾನ ಕಳೆದುಕೊಳ್ಳುತ್ತಾಳೆ. ಚಿಕ್ಕ ಮಗ ನೀರಿನಲ್ಲಿ ಮುಳುಗುತ್ತಾನೆ. ಮೈ ಮುಟ್ಟಿದರೆ ಮೈಲಿಗೆ ಎಂಬ ಕಟ್ಟು ಅವನ ಜೀವಕ್ಕಿಂತ ಭಾರವಾಗುತ್ತದೆ. ಸಾಯುವಾಗಲೂ ಆ ಮಗು ಮಗುವಾಗಿ ಕಾಣಲಿಲ್ಲ, ಜಾತಿಯಾಗಿ ಕಂಡಿತು. ಈ ಕಥೆಯನ್ನು ೧೯೭೫ರಲ್ಲಿ ಬಿ.ವಿ. ಕಾರಂತರು ಚಲನಚಿತ್ರ ಮಾಡಿದರು, ನಿಮ್ಮಲ್ಲಿ ಹಿರಿಯರು ನೋಡಿರಬಹುದು.

ಎರಡನೆಯದು ಅನಂತಮೂರ್ತಿಯವರ 'ಘಟಶ್ರಾದ್ಧ'. ಇದು ಕಾದಂಬರಿಯಲ್ಲ, ಕಥೆ. ೧೯೭೭ರಲ್ಲಿ ಗಿರೀಶ ಕಾಸರವಳ್ಳಿಯವರು ಇದನ್ನು ತೆರೆಗೆ ತಂದರು. ಸ್ಕೌಟ್‌ಳಿಗೆ ತೀರ ಹತ್ತಿರದ ಕನ್ನಡದ ಮಗು ಇಲ್ಲಿದೆ. ವೇದ ಕಲಿಯಲು ಬಂದ ಒಬ್ಬ ಚಿಕ್ಕ ಹುಡುಗ. ಗುರುವಿನ ವಿಧವೆ ಮಗಳು ಯಮುನಾ ಅವನಿಗೆ ತಾಯಿಯಂತೆ. ಅವಳು ಬಸುರಿಯಾದಾಗ ಅಗ್ರಹಾರ ಹಗೆ ಸಾಧಿಸುತ್ತದೆ. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡಿ ಜಾತಿಯಿಂದ ಹೊರಗೆ ಹಾಕುತ್ತಾನೆ. ಹುಡುಗನಿಗೆ ಎಲ್ಲವೂ ಅರ್ಥವಾಗುವುದಿಲ್ಲ. ಆದರೆ ತಪ್ಪು ನಡೆಯುತ್ತಿದೆ ಎಂಬುದು ಅವನ ಎದೆಗೆ ತಿಳಿಯುತ್ತದೆ. ಕೊನೆಗೆ ಅವನ ತಂದೆ ಬಂದು ಕೈ ಹಿಡಿದು ಕರೆದೊಯ್ಯುತ್ತಾನೆ. ಅವನು ಹೋಗುತ್ತಾನೆ. ಹೋಗದೆ ಏನು ಮಾಡಿಯಾನು? ಯಮುನಾ ಒಬ್ಬಳೇ ಉಳಿಯುತ್ತಾಳೆ. ಮಗುವಿನ ಮುಗ್ಧ ಪ್ರೀತಿ ಅವಳಿಗೆ ಆಸರೆಯಾಯಿತು, ಬಿಡುಗಡೆಯಾಗಲಿಲ್ಲ. ಅನ್ಯಾಯವನ್ನು ಕಂಡ ಮಗು ದೊಡ್ಡವನಾದ ಮೇಲೆ ಏನು ಮಾಡುತ್ತಾನೆ ಎಂಬ ಪ್ರಶ್ನೆಯನ್ನು ಕಥೆ ನಮ್ಮ ಮೇಲೆ ಹೊರಿಸಿ ಮುಗಿಯುತ್ತದೆ.

ಮೂರನೆಯದು ದೇವನೂರ ಮಹಾದೇವರ 'ಒಡಲಾಳ'. ಮೇಕೋಂಬಿನ ಕಾದಂಬರಿ ಯಾವ ಅಂಗಳದ ಹೊರಗೆ ನಿಂತಿತೋ ಇದು ಆ ಅಂಗಳದ ಒಳಗೇ ಹುಟ್ಟಿದ್ದು. ಮುದುಕಿ ಸಾಕವ್ವ, ಅವಳ ಮಕ್ಕಳು ಮೊಮ್ಮಕ್ಕಳು, ಕಳೆದುಹೋದ ಅವಳ ಹುಂಜ. ಒಂದು ರಾತ್ರಿ ಸಾಹುಕಾರನ ಕಡಲೆಕಾಯಿ ಮೂಟೆಯೊಂದು ಈ ಮನೆಗೆ ಬರುತ್ತದೆ. ನಾವು ಶೇಂಗಾ ಅನ್ನುತ್ತೇವಲ್ಲ, ಅದು. ಮನೆಮಂದಿಯೆಲ್ಲ ಒಲೆಯ ಸುತ್ತ ಕುಳಿತು, ಸುಟ್ಟು, ತಿಂದು ಮುಗಿಸುತ್ತಾರೆ. ಆಮೇಲೆ ಪೋಲೀಸರು ಬರುತ್ತಾರೆ. ಆ ರಾತ್ರಿ ಶೇಂಗಾ ತಿಂದ ಮಗು ಕಳ್ಳನೆ? ಕದಿಯಬಾರದು ಎಂದು ನೀತಿಪಾಠ ಹೇಳುವ ಮಾಸ್ತರರು ಈ ಪ್ರಶ್ನೆಗೆ ಉತ್ತರ ಹೇಳಲಿ ನೋಡೋಣ. ದುಡಿದವರ ಹೊಟ್ಟೆ ಖಾಲಿ ಇಟ್ಟು ಮೂಟೆ ತುಂಬಿದವನಿಗೆ ಯಾವ ಹೆಸರು? ಅದೇ ಮನೆಯ ಹುಡುಗಿಯೊಬ್ಬಳು ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ಹಸಿವಿನ ಮನೆಯಲ್ಲೂ ಮಕ್ಕಳು ಮಕ್ಕಳೇ. ಅವರ ಬಾಲ್ಯವನ್ನು ಕಸಿಯುವವರು ಹೊರಗಿನಿಂದ ಬರುತ್ತಾರೆ.

ಈ ಮೂರನ್ನೂ ಒಟ್ಟಿಗೆ ಓದಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಮುಗ್ಧತೆ ಎಂದರೆ ಅರಿಯದಿರುವುದು. ಅರಿಯದಿರುವುದು ಪಾಪವಲ್ಲ, ಪುಣ್ಯವೂ ಅಲ್ಲ. ಅರಿತ ಮೇಲೆ ಏನು ಮಾಡಿದೆ ಎಂಬಲ್ಲಿಂದ ನೀತಿ ತೊಡಗುತ್ತದೆ. ಮಗು ಅತ್ತಿತು ಎಂದು ನಾವು ಸಂತೋಷಪಟ್ಟು ಪುಸ್ತಕ ಮುಚ್ಚಿದರೆ ಟಾಮ್ ರಾಬಿನ್ಸನ್ ಬದುಕಿ ಬರುವುದಿಲ್ಲ.

ಇವೆಲ್ಲ ಹಳೆಯ ಕಾಲದ ಮಾತು, ಈಗ ಹಾಗೇನಿಲ್ಲ ಎನ್ನುವವರೂ ಇದ್ದಾರೆ. ೨೦೨೧ನೇ ಸೆಪ್ಟೆಂಬರಿನಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ಏನಾಯಿತು? ಒಂದು ದಲಿತ ಕುಟುಂಬದವರು ಮಗುವಿನ ಹುಟ್ಟುಹಬ್ಬಕ್ಕೆಂದು ಹನುಮಂತದೇವರ ಗುಡಿಯ ಮುಂದೆ ಕೈ ಮುಗಿದು ನಿಂತಿದ್ದರು. ಇನ್ನೂ ಸರಿಯಾಗಿ ಮಾತೂ ಬಾರದ ಆ ಮಗು ಓಡಿ ಗುಡಿಯೊಳಗೆ ಹೋಯಿತು. ಗುಡಿ ಶುದ್ಧಿ ಮಾಡಬೇಕೆಂದು ಆ ಬಡವರಿಗೆ ೨೦,೦೦೦ ರೂಪಾಯಿಗೂ ಮಿಕ್ಕಿ ದಂಡ ಹಾಕಿದರು. ಸುದ್ದಿ ಹೊರಬಿದ್ದ ಮೇಲೆ ಪೋಲೀಸರು ಕೆಲವರನ್ನು ಬಂಧಿಸಿದರು. ಮರುವರ್ಷ, ೨೦೨೨ರಲ್ಲಿ, ಕೋಲಾರ ಜಿಲ್ಲೆಯ ಉಳ್ಳೇರಹಳ್ಳಿಯಲ್ಲಿ ಶಾಲೆಗೆ ಹೋಗುವ ಒಬ್ಬ ದಲಿತ ಹುಡುಗ ಉತ್ಸವದ ದೇವರ ಕೋಲು ಮುಟ್ಟಿದನೆಂದು ಅವನ ಮನೆಯವರಿಗೆ ೬೦,೦೦೦ ರೂಪಾಯಿ ದಂಡ ವಿಧಿಸಿದರು. ಸಂವಿಧಾನದ ೧೭ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿ ಎಪ್ಪತ್ತು ವರ್ಷ ದಾಟಿದ ಮೇಲಿನ ಮಾತು ಇದು.

ಮಿಯಾಪುರದ ಮಗುವಿಗೆ ಜಾತಿ ನಿಜವಾಗಿಯೂ ಗೊತ್ತಿರಲಿಲ್ಲ. ಮಗು ದೇವರಂತೆ ಎನ್ನುವ ನಾವು ಆ ಮಗು ದೇವರ ಹತ್ತಿರ ಹೋದದ್ದಕ್ಕೆ ದಂಡ ಕೇಳಿದೆವು. ಮುಗ್ಧತೆಗೂ ಬೆಲೆ ಕಟ್ಟಿದೆವು.

ಆದ್ದರಿಂದ ಮೌನ ಯಾರನ್ನು ಕಾಯುತ್ತದೆ ಎಂದು ಕೇಳಿಕೊಳ್ಳಬೇಕು. ಶಾಲೆಯಲ್ಲಿ ಜಾತಿಯ ಮಾತೇ ಎತ್ತಬೇಡಿ ಎಂದರೆ, ಅನುಭವಿಸುತ್ತಿರುವ ಮಗುವಿಗೆ ತನ್ನ ನೋವನ್ನು ಹೇಳಿಕೊಳ್ಳಲು ಮಾತೇ ಸಿಗದೆ ಹೋಗುತ್ತದೆ. ಅನುಭವಿಸದ ಮಗು ಮನೆಯಲ್ಲಿ ಕಂಡದ್ದೇ ಲೋಕದ ನಿಯಮ ಎಂದು ನಂಬಿ ಬೆಳೆಯುತ್ತದೆ. ಕೇರಿಯವರು ಬಂದಾಗ ಅಜ್ಜಿ ಚಹಾದ ಕಪ್ಪುಬಸಿ ಬೇರೆ ತೆಗೆದಿಡುವುದನ್ನು ಮಗು ನೋಡುತ್ತದೆ. ಯಾರೂ ಪಾಠ ಮಾಡಬೇಕಾಗಿಲ್ಲ. ಮೌನವೇ ಅದರ ಪಾಠ.

ಇಲ್ಲಿ ಒಂದು ಕಷ್ಟದ ಮಾತಿದೆ, ಅದನ್ನು ತಪ್ಪಿಸುವಂತಿಲ್ಲ. ನೀತಿಯಲ್ಲಿ ಬೆಳೆಯುವುದೆಂದರೆ ಒಮ್ಮೊಮ್ಮೆ ತಾನು ಪ್ರೀತಿಸುವ ಹಿರಿಯರ ತಪ್ಪನ್ನು ಕಾಣುವುದು. ಹಾರ್ಪರ್ ಲೀ ಅವರ ಇನ್ನೊಂದು ಪುಸ್ತಕ 'ಗೋ ಸೆಟ್ ಎ ವಾಚ್‌ಮನ್'. ಬರೆದದ್ದು ಮೊದಲು, ಅಚ್ಚಾದದ್ದು ೨೦೧೫ರಲ್ಲಿ. ಅದರಲ್ಲಿ ಬೆಳೆದು ದೊಡ್ಡವಳಾದ ಸ್ಕೌಟ್ ಊರಿಗೆ ಮರಳಿದಾಗ, ಟಾಮ್‌ನ ಪರ ವಾದಿಸಿದ ಅದೇ ತಂದೆ, ಕಪ್ಪು ಜನರಿಗೆ ಸಮಾನತೆ ಕೊಡಬಾರದೆನ್ನುವ ಬಿಳಿಯರ ಸಭೆಯಲ್ಲಿ ಕುಳಿತಿದ್ದನ್ನು ಕಾಣುತ್ತಾಳೆ. ಅನೇಕ ಓದುಗರಿಗೆ ಇದರಿಂದ ನೋವಾಯಿತು. ಆದರೆ ನಮ್ಮ ಮನೆಗಳ ಸತ್ಯವೂ ಇದೇ ಅಲ್ಲವೆ? ಆಳಿಗೆ ಕಾಯಿಲೆಯಾದರೆ ಔಷಧಕ್ಕೆ ದುಡ್ಡು ಕೊಡುವ ಗೌಡರು ಇದ್ದಾರೆ. ಅವನ ಮಗ ತಮ್ಮ ಪಡಸಾಲೆಯಲ್ಲಿ ಸರಿಸಮನಾಗಿ ಕುರ್ಚಿಯ ಮೇಲೆ ಕೂತರೆ ಅವರೇ ಮುಖ ಕೆಂಪಗೆ ಮಾಡುತ್ತಾರೆ. ಕನಿಕರಕ್ಕೆ ಖರ್ಚು ಕಡಿಮೆ. ಸಮಾನತೆಗೆ ಏನನ್ನಾದರೂ ಬಿಟ್ಟುಕೊಡಬೇಕಾಗುತ್ತದೆ.

ಬಿಟ್ಟುಕೊಟ್ಟವರೂ ನಮ್ಮಲ್ಲಿ ಆಗಿಹೋಗಿದ್ದಾರೆ. ಬಾಲಕ ಬಸವಣ್ಣ ಜನಿವಾರ ಬೇಡವೆಂದು ಮನೆ ಬಿಟ್ಟ ಕಥೆಯನ್ನು ನೀವು ಕೇಳಿ ಬೆಳೆದವರು. ಅದು ತಂದೆಯ ಮೇಲಿನ ದ್ವೇಷದ ಕಥೆಯಲ್ಲ, ತಂದೆಗಿಂತ ದೊಡ್ಡದಾದ ಒಂದು ನ್ಯಾಯದ ಕಥೆ. ಕನಕದಾಸರು ಹುಟ್ಟಿದ ಬಾಡ ನಮ್ಮದೇ ತಾಲೂಕು. ಅವರ 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿಗೂ ರಾಗಿಗೂ ಮೇಲುಕೀಳಿನ ಜಗಳ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಅಕ್ಕಿ ಸೊರಗುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ನಾಲ್ಕನೆಯ ಇಯತ್ತೆಯ ಹುಡುಗನಿಗೂ ತಿಳಿಯುವ ಕಥೆ. ಶಿಶುವಿನಹಾಳದ ಶರೀಫರನ್ನು ಕಳಸದ ಗೋವಿಂದ ಭಟ್ಟರು ಶಿಷ್ಯನನ್ನಾಗಿ ಒಪ್ಪಿಕೊಂಡಾಗ ಎರಡೂ ಕಡೆಯವರು ಹುಬ್ಬು ಗಂಟಿಕ್ಕಿದರು. ಗುರು ಹಿಂದೆಗೆಯಲಿಲ್ಲ. ಮಕ್ಕಳಿಗೆ ಹೇಳಲು ಕಥೆ ಇಲ್ಲ ಎನ್ನುವಂತಿಲ್ಲ. ಕಥೆ ನಮ್ಮ ಹಿತ್ತಲಲ್ಲೇ ಇದೆ.

ದುಂಡಸಿಗೂ ಅಮೇರಿಕಕ್ಕೂ ಏನು ಸಂಬಂಧ ಎಂಬ ಪ್ರಶ್ನೆಗೆ ಈಗ ಬರುತ್ತೇನೆ. ರಾಮಮನೋಹರ ಲೋಹಿಯಾ ೧೯೫೧ರಲ್ಲಿ ಕಾಗೋಡಿನ ಗೇಣಿದಾರರ ಸತ್ಯಾಗ್ರಹಕ್ಕೆಂದು ನಮ್ಮ ಸಾಗರಕ್ಕೆ ಬಂದು ಸೆರೆಯಾದರು. ಅದೇ ಲೋಹಿಯಾ ೧೯೬೪ನೇ ಮೇ ತಿಂಗಳಲ್ಲಿ, ಅಲಬಾಮಾದ ಪಕ್ಕದ ಮಿಸಿಸಿಪಿ ರಾಜ್ಯದ ಜಾಕ್ಸನ್ ನಗರದಲ್ಲಿ, ಬಿಳಿಯರಿಗೆ ಮಾತ್ರ ಎಂದಿದ್ದ ಊಟದ ಹೋಟೆಲಿಗೆ ಹೋದರು. ಹೊರಗೆ ಹೋಗಿ ಎಂದರೆ ಹೋಗಲಿಲ್ಲ. ಅಲ್ಲಿಯೂ ಬಂಧನವಾಯಿತು. ಗೇಣಿದಾರನನ್ನು ಕೆಳಗೆ ಕೂರಿಸುವ ಒಡೆತನವೂ ಕಪ್ಪು ಮನುಷ್ಯನನ್ನು ಹೊರಗೆ ನಿಲ್ಲಿಸುವ ಹೋಟೆಲೂ ಒಂದೇ ರೋಗದ ಎರಡು ಗುಣ ಎಂದು ಅವರು ಕಂಡಿದ್ದರು. ಮೇಕೋಂಬ್ ದೂರದ ಊರಲ್ಲ. ನಮ್ಮ ಊರ ಗುಡಿಯ ಕಟ್ಟೆ, ಚಹಾದ ಅಂಗಡಿ, ನೀರಿನ ನಲ್ಲಿ, ಎಲ್ಲಿ ಒಬ್ಬ ಮನುಷ್ಯ ಇನ್ನೊಬ್ಬನಿಗಾಗಿ ಸರಿದು ನಿಲ್ಲಬೇಕಾಗುತ್ತದೋ ಅಲ್ಲೆಲ್ಲ ಮೇಕೋಂಬ್ ಇದೆ.

ಹಾಗಾದರೆ ಮಾಡಬೇಕಾದದ್ದೇನು? ಕೆಲಸ ಚಿಕ್ಕದು, ಆದರೆ ನಿತ್ಯದ್ದು. ಗ್ರಾಮ ಪಂಚಾಯತಿಯ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂದು ಹೆಸರಿಟ್ಟಿದ್ದಾರೆ. ಹೆಸರಿಗೆ ತಕ್ಕ ಹಾಗೆ ಅಲ್ಲಿ ವಾರಕ್ಕೊಂದು ದಿನ, ಊರ ಮಕ್ಕಳನ್ನೂ ಕೇರಿಯ ಮಕ್ಕಳನ್ನೂ ಒಂದೇ ಜಮಖಾನೆಯ ಮೇಲೆ ಕೂರಿಸಿ ಇಂಥ ಒಂದು ಕಥೆಯನ್ನು ಗಟ್ಟಿಯಾಗಿ ಓದಿ. ಓದಿ ಮುಗಿದ ಮೇಲೆ ನೀತಿ ಹೇಳಹೋಗಬೇಡಿ, ಪ್ರಶ್ನೆ ಕೇಳಿ. ಇಂಥದನ್ನು ನಮ್ಮ ಊರಲ್ಲಿ ಎಲ್ಲಾದರೂ ಕಂಡಿದ್ದೀರಾ ಎಂದು ಕೇಳಿ. ಮಕ್ಕಳು ಏನು ಹೇಳುತ್ತಾರೆಂದು ತಾಳ್ಮೆಯಿಂದ ಕೇಳಿಸಿಕೊಳ್ಳಿ. ಆದರೆ ಕೇರಿಯ ಮಗುವಿನ ಕಡೆ ಬೊಟ್ಟು ಮಾಡಿ ನಿನ್ನ ಅನುಭವ ಹೇಳು ಎಂದು ಎಲ್ಲರ ಮುಂದೆ ಎಬ್ಬಿಸಬೇಡಿ. ಹೇಳಬೇಕಾದ ಭಾರ ಅದರದಲ್ಲ. ತಾವು ಕಂಡದ್ದನ್ನು ಹೇಳುವ ಭಾರ ಮೊದಲು ಊರ ಮಕ್ಕಳದು.

೨೦೦೨ರಲ್ಲಿ ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ ಮೊದಲಾಯಿತು. ಶಾಲೆಯ ಆ ಮಧ್ಯಾಹ್ನದ ಊಟದ ಪಂಕ್ತಿ ನಮಗೆ ದೊರೆತ ದೊಡ್ಡ ಪಾಠಪುಸ್ತಕ. ಅಲ್ಲಿ ಯಾರು ಯಾರ ಪಕ್ಕ ಕೂರುತ್ತಾರೆ, ಅಡುಗೆ ಮಾಡಿದವಳ ಜಾತಿ ಕೇಳಿ ಯಾರಾದರೂ ಬುತ್ತಿ ತರುತ್ತಾರೆಯೆ ಎಂಬುದನ್ನು ಶಿಕ್ಷಕರು ಗಮನಿಸಬೇಕು, ಪಾಲಕರು ಬೆಂಬಲಿಸಬೇಕು. ಸ್ಕೌಟ್‌ಳಿಗೆ ಪಂಕ್ತಿಯ ಮರ್ಯಾದೆ ಕಲಿಸಿದವಳು ಯಾರು ಗೊತ್ತೆ? ಮನೆಯ ಅಡುಗೆಯವಳು, ಕ್ಯಾಲ್ಪರ್ನಿಯಾ ಎಂಬ ಕಪ್ಪು ಹೆಂಗಸು. ಊಟಕ್ಕೆ ಬಂದ ಬಡ ಹುಡುಗನನ್ನು ಸ್ಕೌಟ್ ಹಂಗಿಸಿದಾಗ, ಅಡುಗೆಮನೆಗೆ ಎಳೆದೊಯ್ದು ಬುದ್ಧಿ ಹೇಳಿದವಳು ಅವಳೇ. ಆ ಬಡ ಹುಡುಗ ಕನಿಂಗ್‌ಹ್ಯಾಮನ ಮಗ. ಮುಂದೆ ಸೆರೆಮನೆಯ ಬಾಗಿಲಲ್ಲಿ ಒಂದು ಜೀವ ಉಳಿಸಿದ ಪರಿಚಯಕ್ಕೆ ಆ ಒಂದು ಪಂಕ್ತಿಯ ನಂಟೂ ಸೇರಿತ್ತು ಎಂಬುದನ್ನು ಮರೆಯಬೇಡಿ.

ಮಕ್ಕಳಿಗೆ ಹೇಳಿ ನಾವು ಸುಮ್ಮನಿದ್ದರೆ ಆಗದು. ಮಗು ಅಪ್ಪನನ್ನೇ ಕೇಳೀತು: ಅಪ್ಪಾ, ನಮ್ಮ ಹೊಲದಲ್ಲಿ ದುಡಿಯುವ ಕಾಕಾ ನಮ್ಮ ಮನೆಯ ಒಳಗೆ ಏಕೆ ಬರುವುದಿಲ್ಲ? ಆ ದಿನ ಸುಮ್ಮನಿರು ಎಂದು ಗದರಿದರೆ ಇಲ್ಲಿಯ ತನಕ ಆಡಿದ ಮಾತೆಲ್ಲ ನೀರಲ್ಲಿ ಹೋಮ ಮಾಡಿದ ಹಾಗೆ. ಎದ್ದು ಹೋಗಿ ಆ ಕಾಕಾನನ್ನು ಒಳಗೆ ಕರೆದು, ಮನೆಯ ಕಪ್ಪುಬಸಿಯಲ್ಲೇ ಚಹಾ ಕೊಟ್ಟರೆ ಮಗುವಿಗೆ ಬೇರೆ ಉತ್ತರ ಬೇಕಾಗುವುದಿಲ್ಲ. ಅವನ ಕೂಲಿಯ ಲೆಕ್ಕವನ್ನೂ ಅದೇ ದಿನ ನೇರ್ಪಾಗಿ ಮುಗಿಸಿದರೆ ಇನ್ನೂ ಒಳ್ಳೆಯದು. ಚಹಾ ಕೊಟ್ಟು ಕೂಲಿ ಹಿಡಿಯುವ ಸಮಾನತೆ ನಮಗೆ ಬೇಡ.

ಮಗುವಿಗೆ ಜಾತಿ ಗೊತ್ತಿಲ್ಲವೆ ಎಂದು ಕೇಳಿ ಮಾತು ತೊಡಗಿದೆ. ಕೆಲವು ಮಕ್ಕಳಿಗೆ ಗೊತ್ತಿಲ್ಲ, ಕೆಲವು ಮಕ್ಕಳಿಗೆ ಬೇಕಾದ್ದಕ್ಕಿಂತ ಮೊದಲೇ ಗೊತ್ತು. ಗೊತ್ತಿಲ್ಲದವರಿಗೆ ತಿಳಿಸುವುದು, ಗೊತ್ತಿರುವವರು ಒಂಟಿಯಲ್ಲ ಎಂದು ತೋರಿಸುವುದು, ಇವೆರಡೂ ಒಂದೇ ಪುಸ್ತಕದಿಂದ, ಒಂದೇ ಜಮಖಾನೆಯ ಮೇಲೆ ಆಗಬೇಕು. ೧೮೫೬ರಲ್ಲಿ ಧಾರವಾಡದ ಶಾಲೆಯ ಬಾಗಿಲಲ್ಲಿ ನಿಂತ ಹುಡುಗನಿಗೆ ನಮ್ಮ ಜಿಲ್ಲೆ ಕೊಡಬೇಕಾದ ಬಾಕಿ ಇನ್ನೂ ಇದೆ. ಅದನ್ನು ತೀರಿಸುವ ಕೆಲಸವನ್ನು ಈ ವಾರವೇ ತೊಡಗಿ.